ಕೆಲಸ ಬಿಡದೆ ಫ್ಲೋರಿಡಾದಲ್ಲಿ ಎಲ್‌ಎಮ್‌ಎಚ್‌ಸಿ (ಲೈಸೆನ್ಸ್ ಇರುವ ಮಾನಸಿಕ ಆರೋಗ್ಯ ಕೌನ್ಸೆಲರ್) ಆದೆ: ನನ್ನ ಅನುಭವ

ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್, ಸಂಜೆ ಮತ್ತು ಶನಿವಾರ ಕೌನ್ಸೆಲಿಂಗ್ ಅಂದಾಗ ಜೊತೆಗೆ ಓದಿದವರೆಲ್ಲ ನಕ್ಕಿದ್ದರು. ಲೈಸೆನ್ಸಿಗೆ ಮುಂಚಿನ ಇಂಟರ್ನ್ ರಿಜಿಸ್ಟ್ರೇಷನ್ ಇರೋದೇ 60 ತಿಂಗಳು, ಅಷ್ಟರಲ್ಲಿ 1,500 ಗಂಟೆ ಕ್ಲೈಂಟ್ ಎದುರು ಕೂರಬೇಕು, ಪಾರ್ಟ್ ಟೈಮಲ್ಲಿ ಆಗೋ ಮಾತಾ ಅಂತ. ಹೆಚ್ಚುಕಮ್ಮಿ ಮೂರೂವರೆ ವರ್ಷಕ್ಕೆ ಲೈಸೆನ್ಸ್ ಬಂತು. ನಕ್ಕವರಲ್ಲಿ ಇಬ್ಬರು ಇನ್ನೂ ಗಂಟೆ ಎಣಿಸುತ್ತಿದ್ದಾರೆ.

ಲೆಕ್ಕ ಇಷ್ಟೇ: ವಾರಕ್ಕೆ ಹತ್ತು ಗಂಟೆ, ನೂರೈವತ್ತು ವಾರ. ಫುಲ್ ಟೈಮ್ ಮಾಡಿದರೂ 100 ವಾರದೊಳಗೆ ಮುಗಿಸಲು ನಿಯಮ ಬಿಡುವುದಿಲ್ಲ, ಹಾಗಾಗಿ ಅವರಿಗಿಂತ ನಾನು ಹಿಂದೆ ಬೀಳುವುದು ಒಂದು ವರ್ಷ ಮಾತ್ರ. ಸಂಬಳವಂತೂ ನಿಲ್ಲಲ್ಲ.

ಲೆಕ್ಕ ಕೆಡಿಸಿದ್ದು ನೋ-ಶೋ, ಅಂದರೆ ಬುಕ್ ಮಾಡಿ ಬಾರದ ಕ್ಲೈಂಟ್‌ಗಳು. ಮೊದಲು ಸೇರಿದ ಏಜೆನ್ಸಿಯಲ್ಲಿ ಕ್ಲೈಂಟ್ ಬಂದರೆ ಮಾತ್ರ ದುಡ್ಡು, ಸೆಷನ್ನಿಗೆ ಮೂವತ್ತು ಚಿಲ್ಲರೆ ಡಾಲರ್. ಐ-4 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ತೆವಳಿ ಹೋದರೆ ಆರೂವರೆಯವರೂ ಇಲ್ಲ, ಏಳೂವರೆಯವರೂ ಇಲ್ಲ. ದುಡ್ಡೂ ಹೋಯಿತು, ಗಂಟೆಯೂ ಹೋಯಿತು, ಪೆಟ್ರೋಲ್ ನನ್ನ ಜೇಬಿಂದ. 2022ರ ಸೆಪ್ಟೆಂಬರ್ ಕೊನೆಗೆ ಇಯಾನ್ ಚಂಡಮಾರುತ ಬಂದಾಗ ಅದೊಂದು ವಾರವೇ ಸೊನ್ನೆ. ವಾರಕ್ಕೆ ಹತ್ತು ಕೈಗೆ ಸಿಗಬೇಕಾದರೆ ಹದಿನಾಲ್ಕು ಬುಕ್ ಆಗಿರಬೇಕು. ಹಿಂದಿನ ರಾತ್ರಿ ಮೆಸೇಜ್ ಕಳಿಸಿ ನೋಡಿದೆ, ಏನೂ ಪ್ರಯೋಜನವಿಲ್ಲ. ಬೆಳಿಗ್ಗೆ ಫೋನ್ ಮಾಡಿದರೆ ತಕ್ಕಮಟ್ಟಿಗೆ. ಪ್ರತಿವಾರ ಅದೇ ದಿನ, ಅದೇ ಹೊತ್ತು, ಎರಡು ಸಲ ತಪ್ಪಿದರೆ ಸ್ಲಾಟ್ ಬೇರೆಯವರಿಗೆ: ಇದು ಫಲ ಕೊಟ್ಟಿತು.

ಸೂಪರ್‌ವಿಷನ್, ಅಂದರೆ ಅನುಭವಿ ಕೌನ್ಸೆಲರ್ ಜೊತೆ ಕೂತು ನನ್ನ ಕೇಸುಗಳ ಚರ್ಚೆ, 100 ಗಂಟೆ ಆಗಬೇಕು; ಅದರ ಖರ್ಚು ಕಡಿಮೆಯಲ್ಲ. ಏಜೆನ್ಸಿಯ ಸೂಪರ್‌ವೈಸರ್ ನಡುವೆ ಕೆಲಸ ಬಿಟ್ಟರು. ಆಮೇಲೆ ಹೊರಗಿನವರಿಗೆ ಗಂಟೆಗೆ ಸುಮಾರು ತೊಂಬತ್ತು ಡಾಲರ್ ಕೊಟ್ಟೆ. ಗ್ರೂಪ್ ಆದರೆ ಅರ್ಧಕ್ಕಿಂತ ಕಡಿಮೆ, ಆದರೆ ಆ 100 ಗಂಟೆಯಲ್ಲಿ 50 ಮಾತ್ರ ಗ್ರೂಪಿನಲ್ಲಿ ನಡೆಯುತ್ತದೆ. ನಾನು ಬಚಾವಾದದ್ದು ಪ್ರತಿ ಶುಕ್ರವಾರ ಲಾಗ್‌ಗೆ ಸಹಿ ಹಾಕಿಸಿಕೊಳ್ಳುತ್ತಿದ್ದುದರಿಂದ. ಮೊದಲ ಸೂಪರ್‌ವೈಸರ್ ಬಿಟ್ಟುಹೋಗುವ ವಾರವೇ ಅವರಿಂದ ನನ್ನ ಗಂಟೆಗಳ ವೆರಿಫಿಕೇಷನ್ ಫಾರ್ಮ್ ಬರೆಸಿಕೊಂಡೆ. ಅದೇ ಏಜೆನ್ಸಿಯ ಇನ್ನೊಬ್ಬ ಇಂಟರ್ನ್ ಅದೇ ಫಾರ್ಮಿಗೆ ಆರು ತಿಂಗಳು ಈಮೇಲ್ ಹಿಂದೆ ಅಲೆದರು. ಹೊಸ ಸೂಪರ್‌ವೈಸರ್ ಹೆಸರು ಲೈಸೆನ್ಸ್ ಕೊಡುವ ಬೋರ್ಡಿನಲ್ಲಿ ದಾಖಲಾಗುವವರೆಗೆ ಒಂದು ಗಂಟೆಯನ್ನೂ ಎಣಿಸಬೇಡಿ.

ಇಂಟರ್ನ್‌ಗೆ ಬೇಕರ್ ಆ್ಯಕ್ಟ್ (ಅಪಾಯದಲ್ಲಿರುವವರನ್ನು ಒಪ್ಪಿಗೆ ಇಲ್ಲದೆಯೂ ಮಾನಸಿಕ ತಪಾಸಣೆಗೆ ಕಳಿಸುವ ಫ್ಲೋರಿಡಾದ ಕಾನೂನು) ಕಾಗದಕ್ಕೆ ಸಹಿ ಹಾಕುವ ಅಧಿಕಾರ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಸಂಜೆ ಏಳಕ್ಕೆ ಆಫೀಸಿನಲ್ಲಿ ಯಾರಿರುತ್ತಾರೆ ಅಂತ ಕೇಳಿಕೊಳ್ಳುವವರು ಕಡಿಮೆ. ಸಂಜೆ ಪಾಳಿ ಒಪ್ಪುವ ಮುಂಚೆ ಲೈಸೆನ್ಸ್ ಇರುವವರೊಬ್ಬರು ಕಟ್ಟಡದಲ್ಲೇ ಇರಬೇಕು ಅಂತ ನಾನು ಹಟ ಹಿಡಿದೆ. ಮ್ಯಾನೇಜರ್ ಮುಖ ಸಿಂಡರಿಸಿದರು. ಒಂದು ದಿನ ಅಂಥವರ ಸಹಿ ಬೇಕಾಗಿಯೇ ಬಂತು. ಅವತ್ತು ಪಕ್ಕದ ಕೋಣೆಯ ಬಾಗಿಲು ಬಡಿದರೆ ಸಾಕಾಗಿತ್ತು.

ಲೈಸೆನ್ಸಿನ ಪರೀಕ್ಷೆ ಎನ್‌ಸಿಎಮ್‌ಎಚ್‌ಸಿಇ ಮೊದಲ ಸಲ ಕೂದಲೆಳೆಯಲ್ಲಿ ಹೋಯಿತು, 275 ಡಾಲರ್ ನೀರಿಗೆ. 2022ರ ನವೆಂಬರಿನಿಂದ ಹೊಸ ಮಾದರಿ: ಹನ್ನೊಂದು ಕೇಸು, 225 ನಿಮಿಷ. ನನ್ನ ಹತ್ತಿರ ಇದ್ದದ್ದು ಹಳೆಯ ಸಿಮ್ಯುಲೇಷನ್ ಮಾದರಿಯ ಅಭ್ಯಾಸ ಪುಸ್ತಕಗಳು, ಸೆಕೆಂಡ್ ಹ್ಯಾಂಡ್. ಎರಡನೇ ಸಲ ದುಬಾರಿ ಕೋರ್ಸಿನ ಗೋಜಿಗೆ ಹೋಗಲಿಲ್ಲ. ಕೇಸುಗಳನ್ನು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿ ಕಾರಿನಲ್ಲಿ ಕೇಳಿದೆ. ಪ್ರತಿ ಘಟ್ಟದಲ್ಲೂ ನಿಲ್ಲಿಸಿ "ಈಗ ಏನು, ಮೊದಲು ಯಾವುದು" ಅಂತ ಜೋರಾಗಿ ಉತ್ತರ ಕೊಡೋದು. ಹುಚ್ಚು ಅಂದರು. ಡಯಾಗ್ನೋಸಿಸ್ ಬಾಯಿಪಾಠ ಮಾಡಿದ್ದಕ್ಕಿಂತ ಇದೇ ಕೈಹಿಡಿಯಿತು. ಅಪಾಯ ಇದೆಯಾ ಅಂತ ನೋಡುವ ಮೊದಲೇ ಚಿಕಿತ್ಸೆಗೆ ಹಾರುವ ನನ್ನ ಚಟ ಅಲ್ಲಿ ಕಿವಿಗೇ ಬೀಳುತ್ತಿತ್ತು.

ಒಟ್ಟು ಖರ್ಚು, ಡಿಗ್ರಿ ಬಿಟ್ಟು, ಎಂಟು ಸಾವಿರ ಡಾಲರ್ ಹತ್ತಿರ. ಅದಕ್ಕಿಂತ ಎಷ್ಟೋ ಹೆಚ್ಚು ಸೆಷನ್‌ಗಳಿಂದ ವಾಪಸ್ ಬಂತು. 2024ರ ಜನವರಿಯಿಂದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ನಮಗೂ ನೇರವಾಗಿ ಕೊಡುತ್ತಿದೆ, ಸೈಕಾಲಜಿಸ್ಟ್‌ಗಳ ದರದ 75 ಪ್ರತಿಶತ. ಇಲ್ಲಿ ನಿವೃತ್ತರಿಗೇನು ಬರವೇ? ಅವರಿಗೆ ಸಂಜೆ ಬೇಡ, ಬೆಳಿಗ್ಗೆ ಹತ್ತೇ ಬೇಕು. ಸಾಫ್ಟ್‌ವೇರ್ ಆಫೀಸಿನಲ್ಲಿ ಮಂಗಳವಾರ, ಗುರುವಾರ ರಜೆ ಕೇಳಿದ್ದೇನೆ, ಸಂಬಳ ಕಡಿತ ಒಪ್ಪಿಕೊಂಡು.