ಕೊಬ್ಬರಿ ಎಣ್ಣೆ ಕರಗದ ಬೇಸಿಗೆ

ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಒಂದು ಕೊಬ್ಬರಿ ಎಣ್ಣೆ ಬಾಟಲಿ ಇದೆ. ತಲೆಗೆ ಹಚ್ಚುವುದಕ್ಕಿಂತ ಹೆಚ್ಚಾಗಿ ಹವಾ ನೋಡುವುದಕ್ಕೆ ನನಗೆ ಅದು ಬೇಕು. ಸುಮಾರು 24 ಡಿಗ್ರಿ ದಾಟಿದರೆ ಎಣ್ಣೆ ನೀರಾಗುತ್ತದೆ, ಅದಕ್ಕಿಂತ ಕೆಳಗಿಳಿದರೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ತೀರ್ಥಹಳ್ಳಿಯಲ್ಲಿ ಡಿಸೆಂಬರ್ ಬೆಳಗಿನ ಹೊತ್ತು ಮಾತ್ರ ಗಟ್ಟಿಯಾಗುತ್ತಿತ್ತು. ಇಲ್ಲಿ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ಕೆಲವು ವರ್ಷ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳು ಮುಗಿದರೂ ಚಮಚದ ಹಿಡಿಯಿಂದ ಕೆರೆದೇ ತೆಗೆಯಬೇಕು. 2024ರದ್ದು ಅಂಥ ಬೇಸಿಗೆ. ದೇಶದ ಸರಾಸರಿ ಉಷ್ಣಾಂಶ 14.37 ಡಿಗ್ರಿ, 2015ರಿಂದೀಚೆಗೆ ಇಷ್ಟು ತಣ್ಣಗಿನ ಬೇಸಿಗೆ ಬಂದಿಲ್ಲ ಎಂದು ಇಲ್ಲಿನ ಹವಾಮಾನ ಇಲಾಖೆ, ಮೆಟ್ ಆಫೀಸಿನವರು ಲೆಕ್ಕ ಕೊಟ್ಟರು. ನಮ್ಮ ಬಾಟಲಿ ಅದನ್ನು ಜುಲೈನಲ್ಲೇ ಹೇಳಿತ್ತು.

ನಾನು ಈ ದೇಶಕ್ಕೆ ಬಂದಿಳಿದದ್ದು 1976ರ ಜುಲೈನಲ್ಲಿ. ಯಜಮಾನರಿಗೆ ಆಸ್ಪತ್ರೆಯಲ್ಲಿ ಕೆಲಸ. ಎರಡು ಸ್ವೆಟರು, ಒಂದು ಕಂಬಳಿ ಹೊತ್ತುಕೊಂಡು ಬಂದವಳ ಕಣ್ಣಿಗೆ ಬಿದ್ದದ್ದು ಸುಟ್ಟು ಕಂದಾದ ಹುಲ್ಲು. ಬರದ ವರ್ಷ ಅದು. ಸರಕಾರ ಬರಕ್ಕೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು, ನೇಮಿಸಿದ ಕೆಲವೇ ದಿನಕ್ಕೆ ಮಳೆ ಹೊಯ್ಯಿತು. ಇಂಗ್ಲೆಂಡೂ ಒಂದೇ, ಚಿತ್ರದುರ್ಗವೂ ಒಂದೇ ಎಂದು ಊರಿಗೆ ಕಾಗದ ಬರೆದೆ. ಮರುವರ್ಷ ಜೂನ್‌ನಲ್ಲಿ ರಾಣಿ ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತೆಂದು ನಮ್ಮ ಬೀದಿಯವರು ಹೊರಗೆ ಮೇಜು ಹಾಕಿ ಊಟ ಇಟ್ಟರು. ಕಾಗದದ ಬಾವುಟಗಳು ಮಳೆಗೆ ಬಣ್ಣ ಬಿಟ್ಟು ಸ್ಯಾಂಡ್‌ವಿಚ್ ಮೇಲೆ ತೊಟ್ಟಿಕ್ಕಿದವು. ಒಬ್ಬರೂ ಎದ್ದು ಹೋಗಲಿಲ್ಲ, ಕೋಟಿನ ಗುಂಡಿ ಹಾಕಿಕೊಂಡು ಕೇಕ್ ತಿಂದರು. 2012ರ ಜೂನ್‌ನಲ್ಲಿ ರಾಣಿಯ ಪಟ್ಟದ ಅರವತ್ತನೇ ವರ್ಷದ ಥೇಮ್ಸ್ ನದಿಯ ದೋಣಿ ಮೆರವಣಿಗೆಗೂ ಅದೇ ಪಾಡಾಯಿತು. ಆ ಬೇಸಿಗೆಯಂತೂ ನೂರು ವರ್ಷದಲ್ಲೇ ಅತಿ ಹೆಚ್ಚು ಮಳೆ ಕಂಡದ್ದು.

ಹೊಸದಾಗಿ ಬಂದ ಹುಡುಗಿಯರು ಜುಲೈ ನಡುವೆ ಫೋನ್ ಮಾಡಿ, "ಆಂಟಿ, ಇಲ್ಲಿ ಬೇಸಿಗೆ ಯಾವಾಗ ಶುರು?" ಎಂದು ಕೇಳುತ್ತಾರೆ. ಶುರುವಾಗಿ ಆರು ವಾರ ಆಯಿತು ಪುಟ್ಟಾ, ಕಾಯಬೇಡ ಅನ್ನುತ್ತೇನೆ. ಮೇಲ್ಗಾಳಿಯ ಹೊಳೆಯೊಂದು ಅಟ್ಲಾಂಟಿಕ್ ದಾಟಿ ಬರುತ್ತದಲ್ಲ, ಜೆಟ್ ಸ್ಟ್ರೀಮ್ ಎನ್ನುತ್ತಾರೆ, ಅದು ತೆಂಕಕ್ಕೆ ಸರಿದು ಕೂತರೆ ಮೋಡಗಳು ಸಾಲುಗಟ್ಟಿ ನಮ್ಮ ಮೇಲೇ ಬರುತ್ತವೆ. ಜುಲೈ 15, ಸಂತ ಸ್ವಿದಿನ್‌ನ ದಿನ ಮಳೆ ಬಂದರೆ ಮುಂದೆ ನಲವತ್ತು ದಿನ ಮಳೆಯೇ ಎಂಬುದು ಇಲ್ಲಿನ ಹಳಬರ ಮಾತು. ನಮ್ಮಲ್ಲಿ "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ" ಅನ್ನುವ ಹಾಗೆ. ವ್ಯತ್ಯಾಸ ಇಷ್ಟೇ, ನಮ್ಮವರು ಮಳೆ ಬಾ ಅಂತ ಕಾಯುತ್ತಾರೆ, ಇವರು ಹೋಗು ಅಂತ.

ಐವತ್ತು ವರ್ಷ ಮನೆ ನಡೆಸಿ ನಾನು ಕಂಡುಕೊಂಡದ್ದು, ಇಂಥ ಬೇಸಿಗೆಯಲ್ಲಿ ಕಾಟ ಕೊಡುವುದು ಚಳಿಯಲ್ಲ, ಥಂಡಿ, ಅಂದರೆ ತೇವ. ಚಳಿಗಾಲದಲ್ಲಾದರೆ ಹೀಟಿಂಗ್ ಉರಿಯುತ್ತಿರುತ್ತದೆ, ಗೋಡೆ ಒಣಗಿರುತ್ತದೆ. ಬೇಸಿಗೆ ಅಂತ ಅದನ್ನು ಆರಿಸಿ, ಮಳೆ ಅಂತ ಕಿಟಕಿ ಮುಚ್ಚಿ ಕೂತರೆ ಮನೆಯೊಳಗಿನ ಆವಿ ಎಲ್ಲಿಗೆ ಹೋಗಬೇಕು? ಮಲೆನಾಡಿನಲ್ಲಿ ಮಳೆಗಾಲವಿಡೀ ಬಚ್ಚಲೊಲೆ ಆರುತ್ತಿರಲಿಲ್ಲ, ಮೇಲೆ ಗಳ ಕಟ್ಟಿ ಬಟ್ಟೆ ಹರವುತ್ತಿದ್ದೆವು, ಹೊಗೆ ವಾಸನೆ ಬಂದರೂ ಒಣಗುತ್ತಿತ್ತು. ಹೆಂಚಿನ ಸಂದಿಯಲ್ಲಿ ಗಾಳಿ ತಾನೇ ಆಡುತ್ತಿತ್ತು. ಇಲ್ಲಿನ ಮನೆಗೆ ಆ ಎರಡನ್ನೂ ನಾವೇ ಮಾಡಿಕೊಡಬೇಕು.

ಹಾಗಾಗಿ ಮೊದಲು ಬಟ್ಟೆಯ ವಿಚಾರ. ಈ ಊರಲ್ಲಿ ಬಟ್ಟೆ ಒಣಗಿಸುವುದು ಗಾಳಿ, ಬಿಸಿಲಲ್ಲ. ಮೋಡ ಕವಿದ 16 ಡಿಗ್ರಿಯ ದಿನವೂ ಗಾಳಿ ಬೀಸುತ್ತಿದ್ದರೆ ಮಧ್ಯಾಹ್ನಕ್ಕೆ ಬೆಡ್‌ಶೀಟು ಗರಿಗರಿ. ಎಲೆ ಅಲುಗದ ಬಿಸಿಲಿನ ದಿನ ಜೀನ್ಸ್‌ನ ಸೊಂಟಪಟ್ಟಿ ಸಂಜೆಗೂ ಹಸಿ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ನಿಂತು ಮೂಗೆತ್ತಿ ಗಾಳಿ ನೋಡಿ, ಇವತ್ತು ಒಣಗಿಸುವ ದಿನ ಎಂದು ತೀರ್ಪು ಕೊಡುತ್ತಿದ್ದಳು. ಆಮೇಲೇ ನಾನು ಮೆಷಿನ್‌ಗೆ ಬಟ್ಟೆ ತುಂಬುತ್ತಿದ್ದೆ. ವಾರದ ಇಂಥ ದಿನವೇ ಒಗೆಯುತ್ತೇನೆ ಎಂಬ ಹಟ ಇಲ್ಲಿ ನಡೆಯುವುದಿಲ್ಲ. ಫೋನಿನಲ್ಲಿ ಮಳೆ ಶೇಕಡಾ ಎಷ್ಟು ಎಂದು ನೋಡುವುದಕ್ಕಿಂತ, ಮೋಡ ಸರಿಯುವ ಮಳೆ ನಕ್ಷೆ ನೋಡಿ. ಮುಂದಿನ ಎರಡು ಗಂಟೆಯ ಮಟ್ಟಿಗೆ ಅದು ಚೆನ್ನಾಗಿ ಹೇಳುತ್ತದೆ. ಟವೆಲ್ಲು, ಜೀನ್ಸು ಇದ್ದರೆ ಇನ್ನೊಂದು ಸುತ್ತು ಸ್ಪಿನ್ ಹಾಕಿ, ಎಂಟು ಗಂಟೆಗೆ ಹಗ್ಗಕ್ಕೇರಿಸಿ, ಸಂಜೆ ತಂಪು ಇಳಿಯುವ ಮುಂಚೆ ತೆಗೆದುಬಿಡಿ. ಒಂಬತ್ತಕ್ಕೂ ಬೆಳಕಿದೆ ಅಂತ ಬಿಟ್ಟರೆ ಒಣಗಿದ್ದೂ ಮತ್ತೆ ಮೆತ್ತಗಾಗುತ್ತದೆ.

ಮಳೆ ಹಿಡಿದುಕೊಂಡರೆ ಒಳಗೇ ಒಣಗಿಸಬೇಕು, ಬೇರೆ ದಾರಿಯಿಲ್ಲ. ಆದರೆ ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಮೆಷಿನ್ ತುಂಬ ಬಟ್ಟೆಯಿಂದ ಸುಮಾರು ಎರಡು ಲೀಟರ್ ನೀರು ಗಾಳಿಗೆ ಸೇರುತ್ತದೆ, ಅದನ್ನು ಮನೆಯ ಎಲ್ಲ ಗೋಡೆಗೂ ಹಂಚಬೇಡಿ. ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್ ಇದ್ದರೆ ಕಿಟಕಿ ಮುಚ್ಚಿ, ಇಲ್ಲದಿದ್ದರೆ ಕಿಟಕಿ ತೆರೆಯಿರಿ. ಎರಡನ್ನೂ ಒಟ್ಟಿಗೆ ಮಾಡಿ ಇಡೀ ಸ್ಟಾಕ್‌ಪೋರ್ಟ್‌ನ ಗಾಳಿ ಒಣಗಿಸಲು ಹೊರಟವರನ್ನೂ ನಾನು ಕಂಡಿದ್ದೇನೆ. ಅನ್ನ, ಬೇಳೆ ಬೇಯಿಸುವಾಗ ಪಾತ್ರೆಗೆ ಮುಚ್ಚಳ ಇರಲಿ, ಒಲೆಯ ಮೇಲಿನ ಫ್ಯಾನು ತಿರುಗಲಿ. ಸ್ನಾನ ಮುಗಿದ ಮೇಲೂ ಕಾಲು ಗಂಟೆ ಬಚ್ಚಲಿನ ಫ್ಯಾನು ಆರಿಸಬೇಡಿ.

ಬೀರು, ಮಂಚದ ತಲೆ ಇವನ್ನೆಲ್ಲ ಹೊರಗೋಡೆಗೆ ಒತ್ತಿ ಇಡಬಾರದು, ಅಂಗೈ ಹೋಗುವಷ್ಟು ಜಾಗ ಬಿಡಿ. ಇದನ್ನು ನಾನು ಕಲಿತದ್ದು ದುಬಾರಿ ಬೆಲೆ ಕೊಟ್ಟು. 1985ರಲ್ಲಿ ಬೀರುವಿನ ಬೆನ್ನಿಗೆ ಬೂಷ್ಟು ಹಿಡಿದು, ಮದುವೆಯ ರೇಷ್ಮೆ ಸೀರೆಯ ಸೆರಗಿನವರೆಗೂ ಹಬ್ಬಿತ್ತು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಸುರಕ್ಷಿತ ಅಂದುಕೊಂಡಿದ್ದೆ, ಅದೇ ತಪ್ಪಾಯಿತು. ಈಗ ಹಳೆಯ ಮಲ್‌ಮಲ್ ಪಂಚೆಯಲ್ಲಿ ಸುತ್ತಿಡುತ್ತೇನೆ, ಗಾಳಿ ಒಣಗಿದ ದಿನ ನೋಡಿ ಮಹಡಿಯ ಕೋಣೆಯಲ್ಲಿ ಒಂದು ಗಂಟೆ ಹರವಿ, ಮಡಿಕೆ ಬದಲಿಸಿ ಇಡುತ್ತೇನೆ. ಉಣ್ಣೆಯನ್ನು ತಿನ್ನುವ ನುಸಿಯ ಹುಳು ರೇಷ್ಮೆಯನ್ನೂ ಬಿಡುವುದಿಲ್ಲ, ಹರವಿದಾಗ ಮಡಿಕೆಗಳಲ್ಲಿ ಕಣ್ಣಾಡಿಸಿ. ಗೋಡೆಯ ಬೂಷ್ಟಿಗೆ ಬ್ಲೀಚ್ ಇರುವ ಸ್ಪ್ರೇ ಹಾಕುವಾಗ ಕಿಟಕಿ ತೆರೆದಿರಲಿ, ಅದರ ಜೊತೆ ವಿನಿಗರ್ ಮಾತ್ರ ಬೆರೆಸಬೇಡಿ. ಹೊರಡುವುದು ವಿಷದ ಗಾಳಿ.

ಜುಲೈನಲ್ಲಿ ಹೀಟಿಂಗ್ ಹಾಕಲು ನಮ್ಮವರಿಗೆ ಅದೇನೋ ನಾಚಿಕೆ. ಇಂಗ್ಲಿಷರಿಗೂ ನಾಚಿಕೆಯೇ, ಅವರು ಇನ್ನೊಂದು ಸ್ವೆಟರ್ ಏರಿಸಿಕೊಂಡು ಸುಮ್ಮನಿರುತ್ತಾರೆ. ಮನೆಯಲ್ಲಿ ವಯಸ್ಸಾದವರೋ ಎಳೆಕೂಸೋ ಇದ್ದು, ಒಳಗೆ 18 ಡಿಗ್ರಿಗಿಂತ ಕೆಳಗಿಳಿದರೆ ಬೆಳಿಗ್ಗೆ ಒಂದು ಗಂಟೆ ಹಾಕಿ, ಯಾರೂ ಬಂದು ನೋಡುವುದಿಲ್ಲ. ಬೇಕಿಲ್ಲದಿದ್ದರೂ ಬೇಸಿಗೆಯಲ್ಲಿ ಆಗಾಗ ಹತ್ತು ಹದಿನೈದು ನಿಮಿಷ ಉರಿಸಿ, ರೇಡಿಯೇಟರ್ ತಿರುಪುಗಳನ್ನು ಪೂರ್ತಿ ತೆರೆದಿಡಿ. ಇಲ್ಲವಾದರೆ ಪಂಪು, ತಿರುಪು ಹಿಡಿದುಕೊಂಡು ಅಕ್ಟೋಬರ್‌ನಲ್ಲಿ ಪ್ಲಂಬರ್‌ನ ದಾರಿ ಕಾಯಬೇಕಾಗುತ್ತದೆ. ರಾತ್ರಿಗೆ ಹಾಟ್ ವಾಟರ್ ಬ್ಯಾಗ್ ಸಾಕು. ಅದಕ್ಕೆ ಕುದಿಯುವ ನೀರು ಹುಯ್ಯಬೇಡಿ. ಅದರ ಕತ್ತಿನ ಹತ್ತಿರ ಒಂದು ಹೂವಿನ ಅಚ್ಚು ಇರುತ್ತದೆ, ನಡುವೆ ಇರುವ ಅಂಕಿ ತಯಾರಾದ ವರ್ಷ, ದಳಗಳು ತಿಂಗಳು. ಎರಡು ವರ್ಷವಾದ ಮೇಲೆ ಹೊಸದು ತನ್ನಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಇಡ್ಲಿ ಹಿಟ್ಟು. ಹಿಂದೆ ಬಿಸಿನೀರಿನ ಹಂಡೆ ಇರುವ ಗೂಡು, ಏರಿಂಗ್ ಕಬರ್ಡ್, ಪ್ರತಿ ಮನೆಯಲ್ಲೂ ಇರುತ್ತಿತ್ತು. ಹಿಟ್ಟಿಗೂ ಮೊಸರಿಗೂ ಅದೇ ತವರು. ಬೇಕಾದಾಗಷ್ಟೇ ನೀರು ಕಾಯಿಸಿ ಕೊಡುವ ಈಗಿನ ಕಾಂಬಿ ಬಾಯ್ಲರ್ ಬಂದು ಹಂಡೆಯೂ ಹೋಯಿತು, ಗೂಡೂ ಹೋಯಿತು. ಓವನ್ ಆರಿಸಿ ಒಳಗಿನ ದೀಪ ಮಾತ್ರ ಹಚ್ಚಿ ಹಿಟ್ಟಿನ ಪಾತ್ರೆ ಇಡಿ. ರುಬ್ಬುವಾಗಲೇ ಉಗುರುಬೆಚ್ಚಗಿನ ನೀರು ಹಾಕಿ, ಮೆಂತ್ಯ ಒಂದು ಚಮಚ ಹೆಚ್ಚಿರಲಿ, ಉದ್ದಿನಬೇಳೆಗೆ ಜಿಪುಣತನ ಬೇಡ. ಊರಿನಲ್ಲಿ ಎಂಟು ಗಂಟೆಗೆ ಉಬ್ಬುವುದು ಇಲ್ಲಿ ಹದಿನಾರು ಗಂಟೆ ಕೇಳಿದರೂ ಕೊಡಿ, ಸೋಡಾ ಹಾಕಿ ಅವಸರ ಮಾಡಬೇಡಿ. ಓವನ್ನಿನ ಗುಂಡಿಯ ಮೇಲೆ "ಒಳಗೆ ಹಿಟ್ಟಿದೆ" ಎಂದು ಚೀಟಿ ಅಂಟಿಸುವುದು ಮಾತ್ರ ಮರೆಯಬೇಡಿ. ನಮ್ಮ ಮೊಮ್ಮಗ ಪಿಜ್ಜಾಕ್ಕೆಂದು 220 ಡಿಗ್ರಿಗೆ ತಿರುಗಿಸಿ, ಪ್ಲಾಸ್ಟಿಕ್ ಡಬ್ಬಿಯೂ ಹಿಟ್ಟೂ ಒಂದಾಗಿ, ಓವನ್ ಕೆರೆಯುವುದಕ್ಕೇ ಒಂದು ಭಾನುವಾರ ಹೋಯಿತು. ಅಂದಿನಿಂದ ಸ್ಟೀಲ್ ಪಾತ್ರೆಯೇ. ಮೊಸರಿಗೆ ಅಗಲ ಬಾಯಿಯ ಫ್ಲಾಸ್ಕ್ ಸಾಕು, ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟರೆ ಬೆಳಿಗ್ಗೆಗೆ ಕತ್ತರಿಸುವ ಹಾಗಿರುತ್ತದೆ.

ಸಂಡಿಗೆಯ ಆಸೆ ಬಿಡಲಾಗದವರು ಕಾರು ಬಳಸಿ. ತಮಾಷೆಯಲ್ಲ. ನಡುನಡುವೆ ಬಿಸಿಲು ಇಣುಕುವ ದಿನ ಕಿಟಕಿ ಮುಚ್ಚಿದ ಕಾರಿನ ಒಳಗೆ ಹೊರಗಿಗಿಂತ ಎಷ್ಟೋ ಬಿಸಿ ಇರುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಬಟ್ಟೆ ಹಾಸಿ ಸಂಡಿಗೆ ಹಾಕಿ, ಗಾಜು ಒಂದು ಬೆರಳಷ್ಟು ಇಳಿಸಿಡಿ. ಮಳೆ ಬಂದರೂ ಓಡಬೇಕಿಲ್ಲ, ಕಾಗೆಯ ಕಾಟವಿಲ್ಲ. ಯಜಮಾನರು ಒಮ್ಮೆ ಮಜ್ಜಿಗೆ ಮೆಣಸಿನಕಾಯಿಯ ಸಮೇತ ಆಸ್ಪತ್ರೆಗೆ ಹೋಗಿಬಂದರು. ಆ ಕಾರು ಮಾರುವವರೆಗೂ ಅದರಲ್ಲಿ ಇಂಗಿನ ವಾಸನೆ ಹೋಗಲಿಲ್ಲ.

ಊರಿನಿಂದ ಅಪ್ಪ ಅಮ್ಮ ಬರುವುದು ಸಾಮಾನ್ಯವಾಗಿ ಜೂನ್‌ನಲ್ಲೇ, ಅದೂ ಬೇಸಿಗೆ ಎಂಬ ನಂಬಿಕೆಯ ಮೇಲೆ. ಅವರಿಗೆ ಫೋಟೊ ಕಳಿಸಬೇಡಿ, ಉಷ್ಣಾಂಶ ಹೇಳಿ. ಕಾಲುಚೀಲ, ತಲೆಗೆ ಸ್ಕಾರ್ಫು, ಒಳಗೆ ತೊಡಲು ಥರ್ಮಲ್ ಇರಲಿ. ಒಂದು ದಪ್ಪ ಕೋಟಿಗಿಂತ ತೆಳ್ಳಗಿನ ಮೂರು ಬಟ್ಟೆ ಒಳ್ಳೆಯದು, ಬಿಸಿಲು ಬಂದಾಗ ಒಂದೊಂದಾಗಿ ತೆಗೆಯಬಹುದು. ಅವರನ್ನು ಹೆಚ್ಚು ಕಾಡುವುದು ಬೆಳಕು. ಜೂನ್ ಕೊನೆಗೆ ಇಲ್ಲಿ ಸೂರ್ಯ ಬೆಳಿಗ್ಗೆ 4.40ಕ್ಕೇ ಹುಟ್ಟಿ ರಾತ್ರಿ 9.40ಕ್ಕೆ ಮುಳುಗುತ್ತಾನೆ. ನಮ್ಮ ಮಾವನವರು ಸೂರ್ಯ ಮುಳುಗದೆ ಸಾಯಂಸಂಧ್ಯೆ ಹೇಗೆ, ಸಂಧ್ಯೆಯಾಗದೆ ಊಟ ಹೇಗೆ ಎಂದು ಮೂರು ದಿನ ಹಸಿದು ಕೂತು, ನಾಲ್ಕನೆಯ ದಿನ ಊರಿನ ಗಡಿಯಾರಕ್ಕೆ ರಾಜಿಯಾದರು. ಮಲಗುವ ಕೋಣೆಗೆ ದಪ್ಪ ಕಪ್ಪು ಪರದೆ ಹಾಕಿಕೊಡಿ. ಇಷ್ಟು ಬೆಳಕಿದ್ದರೂ ನಮ್ಮ ಕಂದು ಚರ್ಮಕ್ಕೆ ವಿಟಮಿನ್ ಡಿ ಸಾಲದು. ದಿನಕ್ಕೆ 10 ಮೈಕ್ರೊಗ್ರಾಂ ಮಾತ್ರೆಯನ್ನು ಇಲ್ಲಿಯವರಿಗೆ ಚಳಿಗಾಲಕ್ಕೆ ಹೇಳಿದರೆ, ನಮ್ಮಂಥವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದೆಂಬುದು ಸರಕಾರದ್ದೇ ಸಲಹೆ. ಬೇರೆ ಔಷಧಿ ನುಂಗುವವರು ಡಾಕ್ಟರನ್ನು ಕೇಳಿಕೊಳ್ಳಲಿ.

ಮಕ್ಕಳ ಆರು ವಾರದ ರಜೆಗೆ ಒಂದು ಚೌಕಾಬಾರ, ಒಂದು ಅಳಗುಳಿಮಣೆ, ಒಂದು ಮಳೆಕೋಟು. ರಾಷ್ಟ್ರೀಯ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲ. ಬಾರ್ಬೆಕ್ಯೂಗೆ ಜನ ಕರೆದ ದಿನ ಮಳೆ ಬಂದರೆ ಬಿಸಿಬೇಳೆ ಬಾತ್ ಮಾಡಿ ಒಳಗೆ ಕೂರಿಸಿ. ಇದ್ದಿಲಿನ ಒಲೆಯನ್ನು ಮಾತ್ರ ಗ್ಯಾರೇಜಿಗಾಗಲಿ ಒಳಗಾಗಲಿ ತರಬೇಡಿ, ಬೆಂಕಿ ಆರಿದಂತೆ ಕಂಡರೂ ಇದ್ದಿಲು ವಾಸನೆಯಿಲ್ಲದ ವಿಷದ ಅನಿಲ ಬಿಡುತ್ತಿರುತ್ತದೆ.

ಹಿತ್ತಿಲಿಗೆ ಇಂಥ ವರ್ಷ ಪೂರ್ತಿ ನಷ್ಟವೇನಲ್ಲ. ಬಿಸಿ ಬಿದ್ದರೆ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ತಂಪಿಗೆ ಎಲೆಯಾಗಿಯೇ ನಿಲ್ಲುತ್ತದೆ. ಮೆಂತ್ಯ ಸೊಪ್ಪೂ ಚೆನ್ನ, ಚಿಪ್ಪಿಲ್ಲದ ಬಸವನಹುಳುವಿನಂಥ ಗೊಂಡೆಹುಳ ತಿನ್ನದೆ ಬಿಟ್ಟರೆ. ಕರಿಬೇವಿನ ಕುಂಡ ಮಾತ್ರ ತೆಂಕಣ ಕಿಟಕಿಯೊಳಗೇ ಇರಲಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಜುಲೈನ ಗೂಸ್‌ಬೆರಿಯಲ್ಲಿ ಮಾವಿನಕಾಯಿಯದೇ ಹುಳಿ ಇದೆ, ಚಿತ್ರಾನ್ನಕ್ಕೆ ಒಗ್ಗುತ್ತದೆ. ರೂಬಾರ್ಬ್ ದಂಟಿನ ಗೊಜ್ಜೂ ಸೊಗಸು, ಆದರೆ ಅದರ ಎಲೆ ವಿಷ, ಕೊಯ್ದಲ್ಲೇ ಬಿಸಾಡಿ.

ಟೊಮೇಟೊ ಗಿಡದ ಕತೆ ಬೇರೆ. ಕಾಯಿ ಬಿಡುತ್ತದೆ, ಹಣ್ಣಾಗುವುದಿಲ್ಲ. ಮಳೆ ಹೆಚ್ಚಾದರೆ ಅಂಗಮಾರಿ ಬಂದು ಎಲೆ ಕಂದಾಗುತ್ತದೆ. ಮೊದಲ ಚುಕ್ಕೆ ಕಂಡ ದಿನವೇ ಕಲೆಯಿಲ್ಲದ ಕಾಯಿಗಳನ್ನೆಲ್ಲ ಕಿತ್ತುಬಿಡಿ. ಒಂದು ಮಾಗಿದ ಬಾಳೆಹಣ್ಣಿನ ಜೊತೆ ಡ್ರಾಯರಿನಲ್ಲಿಟ್ಟರೆ ಗೌರಿ ಹಬ್ಬದ ಹೊತ್ತಿಗೆ ಅರ್ಧದಷ್ಟು ಕೆಂಪಾಗುತ್ತವೆ. ಉಳಿದ ಹಸಿರು ಕಾಯಿ ಹೆಚ್ಚಿ, ಹಸಿಮೆಣಸಿನ ಜೊತೆ ಬಾಡಿಸಿ, ಹುರಿದ ಎಳ್ಳು, ಚೂರು ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಕೊಬ್ಬರಿ ಎಣ್ಣೆಯೇ ಆಗಬೇಕು. ಅಡುಗೆಮನೆಯ ಬಾಟಲಿಯದೂ ಗಟ್ಟಿಯಾಗಿರುತ್ತದೆ, ಕೆರೆದು ಬಾಣಲೆಗೆ ಹಾಕಿ.