ಟೈಟಲ್ ಇಲ್ಲದ ಕಾರು, ಟ್ರೇಲರ್: ಟೆಕ್ಸಸ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಇಲ್ಲಿಗೆ ಬಂದ ಮೊದಲ ತಿಂಗಳೇ ಕಾರು ಬೇಕೇ ಬೇಕು ಅನ್ನಿಸುತ್ತದೆ. ಹಾಗಂತ ಕಡಿಮೆ ಬೆಲೆ ಕಂಡ ಕೂಡಲೇ ದುಡ್ಡು ಕೊಡಬೇಡಿ.

ನಮ್ಮೂರಲ್ಲಿ ಆರ್‌ಸಿ ಒಂದಿದ್ದರೆ ಎಲ್ಲ ಇದ್ದ ಹಾಗೆ. ಇಲ್ಲಿ ಹಾಗಲ್ಲ. ರಿಜಿಸ್ಟ್ರೇಷನ್ ಇದ್ದರೆ ಗಾಡಿ ರಸ್ತೆಗೆ ಇಳಿಯಬಹುದು, ಅಷ್ಟೇ. ಗಾಡಿ ಯಾರದ್ದು ಅಂತ ಹೇಳುವ ಕಾಗದ ಟೈಟಲ್.

ನಾನು ಬಂದ ವರ್ಷ ಒಬ್ಬರು ರಿಜಿಸ್ಟ್ರೇಷನ್ ರಸೀದಿ ತೋರಿಸಿ, "ಟೈಟಲ್ ಪೋಸ್ಟಲ್ಲಿ ಬರುತ್ತೆ" ಅಂದರು. ಊರಲ್ಲಿ 29, 30ನೇ ಫಾರಂಗಳಿಗೆ ಸಹಿ ಹಾಕಿಸಿಕೊಂಡು, ಹೆಸರು ಬದಲಾಯಿಸದೆ ತಿಂಗಳುಗಟ್ಟಲೆ ಬೈಕ್ ಓಡಿಸಿದ್ದೆ. ಅದೇ ಧೈರ್ಯದಲ್ಲಿ ಪೂರ್ತಿ ಹಣ ಕೊಟ್ಟೆ. ಟೈಟಲ್ ಬರಲಿಲ್ಲ. ಆಮೇಲೆ ಅವರು ಫೋನೂ ಎತ್ತಲಿಲ್ಲ. ಕಾರು ಮನೆ ಮುಂದೆ ನಿಂತಿತ್ತು, ನನ್ನ ಹೆಂಡತಿ ಕೈಗೂಸು ಎತ್ತಿಕೊಂಡು ಬಿಸಿಲಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಇನ್ನೊಂದು ಮನೆಗೆ ಹೀಗಾಗಬಾರದು.

ಟೈಟಲ್ ಮೇಲಿನ ಹೆಸರು, ಮಾರುವವರ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಬೇರೆ ಯಾರದೋ ಹೆಸರಿದ್ದರೆ ಬಿಟ್ಟು ಬನ್ನಿ. ಸಾಲ ನೀಡಿದ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದ್ದಕ್ಕೆ ಬ್ಯಾಂಕ್ ಕೊಟ್ಟ ಲೀನ್ ರಿಲೀಸ್ ಪತ್ರ ಕೇಳಿ. ಟೈಟಲ್ ಕಳೆದಿದೆ ಅಂತ ಮಾರುವವರು ಅಂದರೆ, ವಿಟಿಆರ್-34 ಫಾರಂ ತುಂಬಿ ಅದರ ದೃಢೀಕೃತ ಪ್ರತಿ ತರಿಸಬೇಕಾದವರು ಅವರೇ. ಅದು ಬರುವವರೆಗೆ ಹಣ ನಿಮ್ಮ ಹತ್ತಿರವೇ ಇರಲಿ. ವಿನ್ ನಂಬರನ್ನು (ಗಾಡಿಯ ಗುರುತಿನ ಸಂಖ್ಯೆ, ನಮ್ಮೂರಿನ ಚಾಸಿಸ್ ನಂಬರ್ ಇದ್ದ ಹಾಗೆ) ವಿಮಾ ವಂಚನೆ, ಗಾಡಿ ಕಳವು ತಡೆಯುವ ಎನ್‌ಐಸಿಬಿ ಸಂಸ್ಥೆಯ ಉಚಿತ ವಿನ್‌ಚೆಕ್ ತಾಣದಲ್ಲಿ ಹಾಕಿ ನೋಡಿ, ಅದರ ಸದಸ್ಯ ವಿಮಾ ಕಂಪನಿಗಳಿಗೆ ಕಳವಿನ ದೂರು ಬಂದಿದೆಯೋ ತಿಳಿಯುತ್ತದೆ.

ಇನ್ನೊಂದು ಮಾತು. ಮಾರುವವರು ನಮ್ಮ ಕನ್ನಡದವರೇ, ಕಾಗದ ಕೇಳಿದರೆ ಬೇಜಾರು ಮಾಡ್ಕೋತಾರೆ ಅಂತ ಸುಮ್ನಾಗುವವರು ಜಾಸ್ತಿ. ದಯವಿಟ್ಟು ಕೇಳಿ. ಟೈಟಲ್ ನಿಮ್ಮ ಹೆಸರಿಗೆ ಬದಲಾಗುವುದು ಕೌಂಟಿ (ಇಲ್ಲಿನ ಜಿಲ್ಲೆ) ಟ್ಯಾಕ್ಸ್ ಆಫೀಸಿನಲ್ಲಿ. ನಂಬಿಕಸ್ಥ ಕನ್ನಡಿಗರು ತಾವೇ ನಿಮ್ಮ ಜೊತೆ ಅಲ್ಲಿಗೆ ಬರುತ್ತಾರೆ.

ಈಗಾಗಲೇ ಕೊಂಡಿದ್ದರೆ

ಬಾಂಡೆಡ್ ಟೈಟಲ್ ಅಂತ ಒಂದು ದಾರಿ ಇದೆ. ಟೆಕ್ಸಸ್ ಡಿಎಂವಿಯ (ರಾಜ್ಯದ ಮೋಟಾರು ವಾಹನ ಇಲಾಖೆ) ಪ್ರಾದೇಶಿಕ ಕಚೇರಿಗೆ ಅರ್ಜಿ ಕೊಡಬೇಕು, ಶುಲ್ಕ 15 ಡಾಲರ್. ಅವರು ಒಪ್ಪಿದರೆ ಗಾಡಿಯ ಬೆಲೆಯ ಒಂದೂವರೆ ಪಟ್ಟು ಮೊತ್ತಕ್ಕೆ ಬಾಂಡ್ (ಕಂಪನಿಯೊಂದು ಕೊಡುವ ಜಾಮೀನು ಪತ್ರ) ಕೊಳ್ಳಬೇಕು. 6,000 ಡಾಲರಿನ ಕಾರಿಗೆ 9,000 ಡಾಲರ್ ಬಾಂಡ್. ಗಾಬರಿ ಬೇಡ, ನೀವು ಕಟ್ಟುವುದು ಅದರ ಪ್ರೀಮಿಯಂ ಮಾತ್ರ. ಬಾಂಡ್ ಮೂರು ವರ್ಷ ಇರುತ್ತದೆ. ಅಷ್ಟರಲ್ಲಿ ನಿಜವಾದ ಮಾಲೀಕರು ಬಂದು ಕೇಳಿದರೆ ಅವರಿಗೆ ಅದರಿಂದ ಪರಿಹಾರ ಸಿಗುತ್ತದೆ. ಕಳವಾದ ಗಾಡಿಗೆ ಈ ದಾರಿ ಇಲ್ಲ.

ಟ್ರೇಲರ್

ಸಾಮಾನು ಸೇರಿ ಒಟ್ಟು ತೂಕ 4,000 ಪೌಂಡ್ ದಾಟಿದರೆ ಟೈಟಲ್ ಕಡ್ಡಾಯ. ಅದರೊಳಗಿದ್ದರೆ ಟೈಟಲ್ ಇಲ್ಲದಿರುವುದು ತಪ್ಪಲ್ಲ. ಆದರೂ ಮಾರಿದವರ ಸಹಿ ಇರುವ ಬಿಲ್ ಆಫ್ ಸೇಲ್ (ಮಾರಾಟದ ಪತ್ರ) ತೆಗೆದುಕೊಳ್ಳಿ.

ಕೌಂಟಿ ಆಫೀಸಿಗೆ ಹೋಗುವಾಗ

- ಮಾರುವವರ ಸಹಿ ಇರುವ ಟೈಟಲ್
- ಕೊಳ್ಳುವವರು, ಮಾರುವವರು ಇಬ್ಬರೂ ಸಹಿ ಹಾಕಿದ 130-ಯು ಫಾರಂ (ಟೈಟಲ್, ರಿಜಿಸ್ಟ್ರೇಷನ್‌ಗೆ ಅರ್ಜಿ)
- ಗುರುತಿನ ಚೀಟಿ, ವಿಮೆ
- ತೆರಿಗೆ 6.25 ಶೇಕಡಾ, ಜೊತೆಗೆ ಶುಲ್ಕ
- ಕೊಂಡ 30 ದಿನದೊಳಗೆ ಹೋಗಬೇಕು

ಡೀಲರ್ ಅಲ್ಲದವರಿಂದ ಕೊಂಡರೆ ನಂಬರ್ ಪ್ಲೇಟನ್ನು ಮಾರುವವರು ಬಿಚ್ಚಿಟ್ಟುಕೊಳ್ಳಬಹುದು. ಆಫೀಸಿನವರೆಗೆ ಓಡಿಸಲು ಐದು ದಿನದ ಟ್ರಾನ್ಸಿಟ್ ಪರ್ಮಿಟ್ ಡಿಎಂವಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯಲ್ಲೇ ಪ್ರಿಂಟ್ ತೆಗೆದುಕೊಂಡು ಹೊರಡಿ.