ಜಪಾನಿನ ಫ್ಯಾಮಿಕಾಮ್, ನಮ್ಮ ಮನೆಯ 230 ವೋಲ್ಟ್

ತೊಂಬತ್ತರ ದಶಕದಲ್ಲಿ ನಮ್ಮಲ್ಲಿ 'ಟಿವಿ ಗೇಮ್' ಅಂತ ಮಾರುತ್ತಿದ್ದ ಡಬ್ಬಗಳಲ್ಲಿ ಹೆಚ್ಚಿನವು ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಅಸಲಿ ಯಂತ್ರ ಜಪಾನಿನಲ್ಲಿ 1983ರಲ್ಲೇ ಬಂದಿತ್ತು. ಅಸಲಿಯ ಕ್ಯಾಸೆಟ್‌ಗೆ 60 ಪಿನ್, ನಕಲಿಯದಕ್ಕೂ ಅಷ್ಟೇ. ನನ್ನ ಹಳೇ ಕ್ಯಾಸೆಟ್‌ಗಳು ಅಟ್ಟದ ಮೇಲೆ ಹಾಗೇ ಇದ್ದವು. ನಗೋಯಾದಲ್ಲಿ ಕೆಲಸ ಮಾಡುವ ಅಕ್ಕನ ಮಗ "ಮಾಮಾ, ಬರುವಾಗ ಏನು ತರಲಿ?" ಅಂತ ಕೇಳಿದಾಗ ನನಗೆ ಫ್ಯಾಮಿಕಾಮ್ ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಕೆಂಪು-ಬಿಳಿ ಬಣ್ಣದ ಹಳೇ ಮಾಡೆಲ್ ನೋಡಲು ಚೆಂದ. ಆದರೆ ಅದರಿಂದ ಟಿವಿಗೆ ಹೋಗುವುದು ಆಂಟೆನಾ ವೈರ್ ಒಂದೇ. ಅದು ಜಪಾನಿನ 1 ಅಥವಾ 2ನೇ ಚಾನೆಲ್‌ನಲ್ಲಿ, ಅಂದರೆ 90ರಿಂದ 102 ಮೆಗಾಹರ್ಟ್ಜ್ ನಡುವೆ ಸಿಗ್ನಲ್ ಕೊಡುತ್ತದೆ. ನಮ್ಮಲ್ಲಿ ಅದು ಎಫ್‌ಎಂ ರೇಡಿಯೋದ ಜಾಗ, ನಮ್ಮ ಟಿವಿಗಳು ಅಲ್ಲಿ ಹುಡುಕುವುದೇ ಇಲ್ಲ. ಹಾಗಾಗಿ 1993ರ 'ನ್ಯೂ ಫ್ಯಾಮಿಕಾಮ್' ಬೇಕು ಅಂದೆ. ಅದರಲ್ಲಿ ಎವಿ ಔಟ್, ಅಂದರೆ ಚಿತ್ರ ಮತ್ತು ಶಬ್ದ ನೇರ ಕೊಡುವ ಜಾಗ ಇದೆ, ನಿಂಟೆಂಡೊದ ಮುಂದಿನ ಯಂತ್ರ ಸೂಪರ್ ಫ್ಯಾಮಿಕಾಮ್‌ನ ಎವಿ ಕೇಬಲ್ಲೇ ಅದಕ್ಕೂ ಕೂರುತ್ತದೆ. ಹಾರ್ಡ್ ಆಫ್ ಅನ್ನುವ ಸೆಕೆಂಡ್ ಹ್ಯಾಂಡ್ ಅಂಗಡಿಯ 'ಜಂಕ್' ಸಾಲಿನಲ್ಲಿ ಅವನಿಗೆ ಒಂದು ಸಿಕ್ಕಿತು. ಜಂಕ್ ಅಂದರೆ ಪರೀಕ್ಷೆ ಮಾಡಿಲ್ಲ, ವಾಪಸ್ ತಗೊಳ್ಳಲ್ಲ ಅಂತ. ಕೆಟ್ಟೇ ಇರುತ್ತದೆ ಅಂತೇನಿಲ್ಲ.

ಮೊದಲ ತಲೆನೋವು ಕರೆಂಟು. ಅದರ ಅಡಾಪ್ಟರ್ 100 ವೋಲ್ಟ್‌ಗೆ ಮಾಡಿದ್ದು. ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಸುಟ್ಟು ಹೋಗುವುದು ಖಂಡಿತ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದು ಸುಮ್ನೆ ಖರ್ಚು. ಯಂತ್ರಕ್ಕೆ ಬೇಕಿರುವುದು 10 ವೋಲ್ಟ್ ಡಿಸಿ, 850 ಮಿಲಿಆಂಪ್. ಒಳಗಿರುವ ರೆಗ್ಯುಲೇಟರ್ ಅದನ್ನು 5 ವೋಲ್ಟ್‌ಗೆ ಇಳಿಸಿಕೊಳ್ಳುತ್ತದೆ. ಹಾಗಾಗಿ ನಮ್ಮಲ್ಲೇ ಸಿಗುವ 9 ವೋಲ್ಟ್, 1 ಆಂಪ್ ಅಡಾಪ್ಟರ್ ಧಾರಾಳ ಸಾಕು.

ಆದರೆ ಒಂದು ವಿಷಯ ನೋಡಲೇಬೇಕು. ಫ್ಯಾಮಿಕಾಮ್ ಪಿನ್ನಿನ ಒಳಗಡೆ ಮೈನಸ್, ಹೊರಗಡೆ ಪ್ಲಸ್. ಮನೆಯಲ್ಲಿರುವ ವೈಫೈ ರೌಟರ್ ಅಡಾಪ್ಟರ್ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಅಪಾಯ ಏನಂದರೆ ಅದರ ಪಿನ್ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ! ಚುಚ್ಚಿ ಸ್ವಿಚ್ ಹಾಕಿದರೆ ಕಥೆ ಮುಗಿಯಬಹುದು. ಒಳಗಡೆ ಮೈನಸ್ ಇರುವ 9 ವೋಲ್ಟ್ ಅಡಾಪ್ಟರ್ ನಮ್ಮಲ್ಲಿ ಸುಲಭವಾಗಿ ಸಿಗುವುದು ಗಿಟಾರ್ ಪೆಡಲ್‌ಗಳಿಗೆ. ನಾನು ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗದೆ ಸೀದಾ ಸಂಗೀತ ವಾದ್ಯಗಳ ಅಂಗಡಿಗೆ ಹೋದೆ. "ಯಾವ ಪೆಡಲ್ ಸರ್?" ಅಂತ ಅಂಗಡಿಯವರು ಕೇಳಿದರು. ವಿಡಿಯೋ ಗೇಮ್‌ಗೆ ಅಂದಾಗ ನಕ್ಕುಬಿಟ್ಟರು. ಮನೆಗೆ ತಂದು ಮಲ್ಟಿಮೀಟರ್‌ನ ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕಪ್ಪನ್ನು ಹೊರಗೆ ಮುಟ್ಟಿಸಿದೆ. ಅಂಕಿಯ ಎಡಗಡೆ ಮೈನಸ್ ಗುರುತು ಬಂತು, ಅಂದರೆ ಒಳಗಡೆ ಮೈನಸ್ಸೇ. ಆಮೇಲೇ ಕನೆಕ್ಟ್ ಮಾಡಿದ್ದು. ಪೆಡಲ್ ಅಡಾಪ್ಟರ್‌ಗಳಲ್ಲಿ 200, 300 ಮಿಲಿಆಂಪ್‌ನವೂ ಇರುತ್ತವೆ, ಅವು ಬೇಡ.

ಇನ್ನು ಟಿವಿ. ಟಿವಿ ಸಿಗ್ನಲ್‌ನ ಪದ್ಧತಿ ಎರಡೂ ದೇಶಗಳಲ್ಲಿ ಬೇರೆ. ಜಪಾನಿನದು ಎನ್‌ಟಿಎಸ್‌ಸಿ, ಸೆಕೆಂಡಿಗೆ 60 ಚಿತ್ರ. ನಮ್ಮದು ಪಾಲ್, 50. ಬಣ್ಣದ ಸಿಗ್ನಲ್ ಕೂಡ ಬೇರೆ, ಅವರದು 3.58 ಮೆಗಾಹರ್ಟ್ಜ್, ನಮ್ಮದು 4.43. ಬರೀ ಪಾಲ್ ಗೊತ್ತಿರುವ ಹಳೇ ಟಿವಿಯಲ್ಲಿ ಚಿತ್ರ ಬಂದರೂ ಕಪ್ಪು-ಬಿಳುಪು. ಈಗಿನ ಎಲ್‌ಇಡಿ ಟಿವಿಗಳಲ್ಲಿ ಹಳದಿ ಎವಿ ಪಿನ್ ಇದ್ದರೆ ಸಾಮಾನ್ಯವಾಗಿ ಬಣ್ಣಕ್ಕೆ ತೊಂದರೆ ಇಲ್ಲ. ಆದರೆ ಪೆಟ್ಟು ತಿಂದ ಮಾರಿಯೋ ಮಿಣುಕುತ್ತಾನಲ್ವಾ? ನನ್ನ ಎಲ್‌ಇಡಿಯಲ್ಲಿ ಅವನು ಆ ಹೊತ್ತಿನಲ್ಲಿ ಮಾಯವೇ ಆಗಿಬಿಡುತ್ತಿದ್ದ. ಗೇಮ್ ಕಳಿಸುವುದು 240 ಸಾಲಿನ ಪೂರ್ತಿ ಚಿತ್ರ. ಟಿವಿ ಅದನ್ನು ಅರ್ಧರ್ಧ ಚಿತ್ರ ಅಂದುಕೊಂಡು ಎರಡೆರಡನ್ನು ಹೆಣೆಯಲು ಹೋಗುತ್ತದೆ. ಜೊತೆಗೆ ಬಟನ್ ಒತ್ತಿದ ಮೇಲೆ ಒಂದು ಚೂರು ತಡ. ಗೇಮ್ ಮೋಡ್ ಹಾಕಿದರೆ ತಡ ಸ್ವಲ್ಪ ಕಡಿಮೆಯಾಗುತ್ತದೆ, ಮಾಯವಾಗುವುದು ಹಾಗೇ ಉಳಿಯುತ್ತದೆ. ಕೊನೆಗೆ ಗುಜರಿ ಅಂಗಡಿಯಿಂದ ಪಿಕ್ಚರ್ ಟ್ಯೂಬಿನ ಹಳೇ ದಪ್ಪ ಟಿವಿ ತಂದೆ. ಮೆನುವಿನಲ್ಲಿ ಕಲರ್ ಸಿಸ್ಟಮ್ ಕೆಳಗೆ ಎನ್‌ಟಿಎಸ್‌ಸಿ 3.58 ಇರುವುದನ್ನು ಅಲ್ಲೇ ನೋಡಿಕೊಂಡು ದುಡ್ಡು ಕೊಟ್ಟೆ.

ಆಮೇಲೆ ಅಟ್ಟದ ಕ್ಯಾಸೆಟ್‌ಗಳು. ಚಿಕ್ಕವರಿದ್ದಾಗ ಉಫ್ ಅಂತ ಊದುತ್ತಿದ್ದೆವಲ್ಲ, ಅದರಿಂದ ಎಂಜಲಿನ ತೇವ ತಗುಲಿ ಪಿನ್ ಇನ್ನಷ್ಟು ಕೆಡುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ ಅನ್ನುವ ಆಲ್ಕೋಹಾಲ್‌ನಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ ಉಜ್ಜಿದೆ. ಹತ್ತಿ ಕಪ್ಪಗಾಯಿತು. ಕಪ್ಪು ಬರುವುದು ನಿಲ್ಲುವವರೆಗೂ ಉಜ್ಜಿ, ಒಣಗಲು ಬಿಟ್ಟು, ಹಾಕಿದೆ. '9999999 ಇನ್ 1' ಮೆನು ಬಂತು. ಅದರಲ್ಲಿ ನಿಜವಾಗಿ ಇರುವುದು ಬೆರಳೆಣಿಕೆಯ ಆಟ, ಉಳಿದದ್ದೆಲ್ಲ ಅವೇ ಮತ್ತೆ ಮತ್ತೆ.

ಮಾರಿಯೋ ಶುರು ಮಾಡಿದರೆ ಎಲ್ಲಾ ಗಡಿಬಿಡಿ. ಹಾಡು ಓಡುತ್ತಿದೆ, ಮಾರಿಯೋ ಓಡುತ್ತಿದ್ದಾನೆ, ನಾನು ಮೊದಲ ಗುಂಡಿಗೇ ಬಿದ್ದೆ. ಕ್ಯಾಸೆಟ್ ಕೆಟ್ಟಿಲ್ಲ. ವೇಗ ತೀರ್ಮಾನ ಮಾಡುವುದು ಕ್ಯಾಸೆಟ್ ಅಲ್ಲ, ಯಂತ್ರ. ನಮ್ಮ ನಕಲಿ ಡಬ್ಬಗಳು ಪಾಲ್ ಟಿವಿಗೆ ತಕ್ಕಂತೆ 50ರಲ್ಲಿ ನಡೆಯುತ್ತಿದ್ದವು. ಇದು 60. ಅಂದರೆ ಐದರಲ್ಲಿ ಒಂದು ಪಾಲು ಜಾಸ್ತಿ ವೇಗ. ನಾವೆಲ್ಲ ಬಾಲ್ಯಪೂರ್ತಿ ಆಡಿದ್ದು ನಿಧಾನದ ಮಾರಿಯೋ! ಹೆಬ್ಬೆರಳಿಗೆ ಅಂಟಿದ ಹಳೇ ಲೆಕ್ಕ ಬಿಡಲು ಸಾಕಷ್ಟು ಹೊತ್ತು ಬೇಕಾಯಿತು. ಈಗ ನಿಧಾನದ್ದು ಆಡಲು ಬೇಜಾರು. ಟರ್ಬೊ ಬಟನ್ ಕೂಡ ಇಲ್ಲ, ಅದು ನಕಲಿಯವರು ಕೊಟ್ಟಿದ್ದ ಬೋನಸ್ಸು. ಗುಂಡು ಹಾರಿಸುವ ಆಟಗಳಲ್ಲಿ ಬೆರಳು ನೋಯುತ್ತದೆ.

ಜಪಾನಿನ ಕ್ಯಾಸೆಟ್ ತರಿಸುವವರು ಓಡುವ, ಹಾರುವ, ಹೊಡೆಯುವ ಆಟಗಳನ್ನೇ ತಗೊಳ್ಳಿ, ಭಾಷೆ ಅಷ್ಟಾಗಿ ಬೇಕಾಗುವುದಿಲ್ಲ. ಕಥೆ ಇರುವ ಆಟಗಳು ಕಷ್ಟ. ಆ ಕಾಲದವುಗಳಲ್ಲಿ ಹೆಚ್ಚಾಗಿ ಬರೀ ಕಾನಾ, ಅಂದರೆ ಜಪಾನಿಯ ಉಚ್ಚಾರಣೆಯ ಅಕ್ಷರ. ದಪ್ಪ ಚುಕ್ಕಿಗಳ ಆ ಬರಹ ನೋಡಿ ಮೊಬೈಲಿನ ಅನುವಾದ ಆ್ಯಪ್ ಏನೇನೋ ಹೇಳುತ್ತದೆ. ಮೊದಲ ಡ್ರ್ಯಾಗನ್ ಕ್ವೆಸ್ಟ್‌ನಲ್ಲಂತೂ ಆಟ ಉಳಿಸಿಕೊಳ್ಳಲು 20 ಅಕ್ಷರದ ಪಾಸ್‌ವರ್ಡ್ ಹಿರಗಾನ ಅನ್ನುವ ಕಾನಾ ಲಿಪಿಯಲ್ಲಿ ಬರೆದುಕೊಳ್ಳಬೇಕು. ನಾನು ಫೋಟೋ ಹೊಡೆದಿಟ್ಟುಕೊಳ್ಳುತ್ತೇನೆ.